ನಂಫಾಮೊ ಮರೆತ ಹೆಸರುಗಳು

ಇಡ್ಡಿಬಾಲನ ಗಂಟಲು ಕಾರ್ಥೇಜಿನಲ್ಲಿ ಹೆಸರುವಾಸಿಯಾಗಿತ್ತು. ಬೆಳಗ್ಗೆಯಿಂದ ಸಂಜೆಯವರೆಗೆ ತೊಟ್ಟಿಯೊಳಗೆ ನಿಂತು ಊರವರ ಉಣ್ಣೆಬಟ್ಟೆ ತುಳಿದು ಒಗೆಯುವವನು, ಪಕ್ಕದ ತೊಟ್ಟಿಯವನ ಜೊತೆ ಎರಡು ಮಾತಾಡಬೇಕಾದರೂ ಕೂಗಲೇಬೇಕು. ಹಾಗೆ ಕೂಗಿ ಕೂಗಿ ಬಲಿತ ಗಂಟಲು ಅದು. ಭಾನುವಾರ ಕ್ರೈಸ್ತರ ಸಭೆಯಲ್ಲಿ ಗ್ರಂಥ ಓದುವ ವಾಚಕನ ಕೆಲಸವೂ ಅವನದೇ. ಅವನು ಓದಲು ನಿಂತರೆ ಕಿವಿ ಮಂದವಾದ ಮುದುಕಿಯರೂ ಹಿಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಅದು ಅವನಿಗೂ ಗೊತ್ತಿತ್ತು. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಗೊತ್ತಿತ್ತು.

ಆ ಗಂಟಲಿಗೆ ಈಗ ಎರಡು ತಿಂಗಳಿಂದ ಬೀಗ ಬಿದ್ದಿತ್ತು.

ಚಕ್ರವರ್ತಿಯ ಅಪ್ಪಣೆ ಬಂದಿತ್ತು: ಸಾಮ್ರಾಜ್ಯದ ಪ್ರತಿಯೊಬ್ಬನೂ ಗುಡ್ಡದ ಮೇಲಿನ ಗುಡಿಗೆ ಹೋಗಿ ದೇವತೆಗಳಿಗೆ ಧೂಪ ಹಾಕಬೇಕು, ಹಾಕಿದ್ದಕ್ಕೆ ಚೀಟಿ ಪಡೆಯಬೇಕು, ಹಾಕದವನಿಗೆ ಸೆರೆ, ಚಿತ್ರಹಿಂಸೆ, ಕತ್ತಿ. ಇಡ್ಡಿಬಾಲ ಮೊದಲ ವಾರ ಮನೆಯಲ್ಲಿ ಎದೆಯುಬ್ಬಿಸಿಕೊಂಡು ಓಡಾಡಿದ. ಎರಡನೆಯ ವಾರ ಪಕ್ಕದ ಬೀದಿಯ ಬಡಗಿಯನ್ನು ಎಳೆದುಕೊಂಡು ಹೋದರು. ಮೂರನೆಯ ವಾರ ಇವನು ಯಾರಿಗೂ ಹೇಳದೆ ಗುಡ್ಡ ಹತ್ತಿದ. ಅಲ್ಲಿ ಸಾಲು ಎಷ್ಟು ಉದ್ದವಿತ್ತೆಂದರೆ, ಸಭೆಯ ಅರ್ಧ ಜನ ಅಲ್ಲೇ ಇದ್ದರು. ಒಬ್ಬರನ್ನೊಬ್ಬರು ನೋಡಿಯೂ ನೋಡದಂತೆ ನಿಂತಿದ್ದರು. ಇವನ ಸರದಿ ಬಂದಾಗ ಪೂಜಾರಿ ಆಕಳಿಸುತ್ತಿದ್ದ. ಎರಡೇ ಎರಡು ಕಾಳು ಧೂಪ. ಬೆಂಕಿಗೆ ಬಿದ್ದದ್ದೂ ಕಾಣಲಿಲ್ಲ. ಬರೆಯುವವನು ‘ಹೆಂಡತಿಯ ಪರವಾಗಿಯೂ?’ ಎಂದು ಕೇಳಿದ. ಇವನು ಹೂಂ ಎಂದ. ಇಳಿದು ಬರುವಾಗ ಜೀವ ಉಳಿಯಿತಲ್ಲ ಎಂದು ನಿಜವಾಗಿಯೂ ಖುಷಿಯಾಗಿತ್ತು. ಆ ಖುಷಿಯನ್ನು ಅವನು ಆಮೇಲೆ ತನಗೇ ಕ್ಷಮಿಸಲಿಲ್ಲ.

ಅವನ ಹೆಂಡತಿ ಅರಿಷತ್ ಚೀಟಿಯಲ್ಲಿ ತನ್ನ ಹೆಸರು ಇದೆಯೆಂದು ತಿಳಿದಾಗ ಕೂಗಾಡಲಿಲ್ಲ. “ನನ್ನ ಕೈಯನ್ನ ಯಾವಾಗ ತಗೊಂಡು ಹೋಗಿದ್ರಿ?” ಎಂದಳು, ಅಷ್ಟೆ. ಅಂದಿನಿಂದ ಅವಳು ಪ್ರಾರ್ಥನೆಗೆ ಪೂರ್ವದ ಗೋಡೆಗೆ ಮುಖಮಾಡಿ ಕೈಯೆತ್ತಿ ನಿಂತರೆ ಇವನು ಹಿತ್ತಲಿಗೆ ಹೋಗಿ ಸೌದೆ ಎಣಿಸುತ್ತಿದ್ದ. ಪ್ರಾರ್ಥಿಸಲು ಪ್ರಯತ್ನಿಸಿರಲಿಲ್ಲವೆಂದಲ್ಲ. ಬಾಯಿ ತೆರೆದರೆ ಮಾತು ನಾಲಿಗೆಯ ತುದಿಯಲ್ಲೇ ಸಾಯುತ್ತಿತ್ತು. ಎರಡು ಕಾಳು ಧೂಪ ಹಾಕಿದ ಕೈಯನ್ನು ದೇವರ ಕಡೆಗೆ ಎತ್ತುವುದು ಹೇಗೆ? ಸಭೆಯಲ್ಲೂ ಅವನಿಗೀಗ ಹೊಸ್ತಿಲ ಹೊರಗೇ ಜಾಗ, ಅವನ ಹಾಗೆ ಧೂಪ ಹಾಕಿ ಬಿದ್ದವರ ಜೊತೆ. ಒಳಗಿನವರು ಪ್ರಾರ್ಥಿಸುವಾಗ ಬಿದ್ದವರು ಬಾಯಿ ಮುಚ್ಚಿಕೊಂಡಿರಬೇಕು. ಅವರ ಜೊತೆಗೂಡಿ ಯಾರೂ ಪ್ರಾರ್ಥಿಸುವಂತಿಲ್ಲ.

ಹೊಸ್ತಿಲು ದಾಟಲು ಒಂದೇ ಅಡ್ಡದಾರಿ ಇತ್ತು. ಹಿಂಸೆಗೆ ಬಗ್ಗದೆ ಸೆರೆಯಲ್ಲಿದ್ದವರು ದೇವರಿಗೆ ಹತ್ತಿರದವರು. ನಾಳೆಯೋ ನಾಡಿದ್ದೋ ಅವನ ಮುಂದೆಯೇ ನಿಲ್ಲುವವರು. ಅವರಲ್ಲೊಬ್ಬರು ‘ಇಂಥವನಿಗಾಗಿ ಪ್ರಾರ್ಥಿಸಿದ್ದೇನೆ, ಇವನಿಗೆ ಸಮಾಧಾನ ಕೊಡಿ’ ಎಂದು ಪತ್ರ ಬರೆಸಿಕೊಟ್ಟರೆ ಸಭೆಯ ಹಿರಿಯರು ಬಿದ್ದವನನ್ನು ಒಳಗೆ ಕರೆದುಕೊಳ್ಳುತ್ತಿದ್ದರು. ಹೀಗಾಗಿ ಗುಡ್ಡದ ಮೇಲೆ ಸಾಲು ನಿಂತಿದ್ದ ಜನವೆಲ್ಲ ಈಗ ಸೆರೆಮನೆಯ ಬಾಗಿಲಲ್ಲಿ ಸಾಲು ನಿಂತಿತ್ತು. ಸಾಲು ನಿಲ್ಲುವುದರಲ್ಲಿ ನಮ್ಮ ಊರಿನವರನ್ನು ಮೀರಿಸುವವರಿಲ್ಲ.

ಇಡ್ಡಿಬಾಲ ಮಾತ್ರ ಹೋಗಿರಲಿಲ್ಲ. ಕಾರಣ, ಆ ಸೆರೆಮನೆಯಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುತ್ತಿದ್ದ ದೊಡ್ಡ ಮನುಷ್ಯ ಅವನ ಭಾವಮೈದುನನೇ ಆಗಿದ್ದ.

ಅರಿಷತ್‌ಳ ತಮ್ಮ ನಂಫಾಮೊ ಬಂದರಿನಲ್ಲಿ ಮೂಟೆ ಹೊರುವವನು. ಎತ್ತಿನಂಥ ಹೆಗಲು, ನಿಧಾನದ ಮಾತು, ಅಕ್ಷರದ ಗಂಧವಿಲ್ಲ. ಅವನ ಪ್ರಾರ್ಥನೆ ಎಂದರೆ ಬರೀ ಹೆಸರುಗಳು. ಸಂಜೆ ಸಹಭೋಜನಕ್ಕೆ ಕೂತಾಗ ಯಾರಾದರೂ ಪಾಪ ಅಂತ ‘ನಂಫಾಮೊ, ನೀನು ಪ್ರಾರ್ಥನೆ ಮಾಡಪ್ಪಾ’ ಎಂದರೆ ಮುಗಿಯಿತು. ಸಭೆಯವರಲ್ಲಿ ಒಬ್ಬೊಬ್ಬರನ್ನೂ, ಅವರವರ ಮಕ್ಕಳನ್ನೂ, ಕಾಯಿಲೆಯವರನ್ನೂ, ಆಮೇಲೆ ಬಂದರಿನವರನ್ನೂ, ತನಗೆ ಒಮ್ಮೆ ಕಪಾಳಕ್ಕೆ ಹೊಡೆದಿದ್ದ ಸುಂಕದ ಗುಮಾಸ್ತನನ್ನೂ, ಕೊನೆಗೆ ಮಾಗೊ ಎಂಬ ಹೇಸರಗತ್ತೆಯನ್ನೂ ಹೆಸರು ಹಿಡಿದು ದೇವರಿಗೆ ಒಪ್ಪಿಸುತ್ತಿದ್ದ. ಅಷ್ಟರಲ್ಲಿ ಕಡಲೆಯ ಗಂಜಿ ಆರಿ ಕೆನೆಗಟ್ಟಿರುತ್ತಿತ್ತು. ಇಡ್ಡಿಬಾಲ ಹದಿನೈದು ವರ್ಷ ಅದನ್ನು ಕೇಳಿ, ಕೇಳಿದ್ದಕ್ಕಿಂತ ಹೆಚ್ಚಾಗಿ ಆಡಿಕೊಂಡಿದ್ದ. ಮನೆಗೆ ನೆಂಟರು ಬಂದರೆ ಎದ್ದು ನಿಂತು, ಹೆಗಲು ಬಗ್ಗಿಸಿ, ಮೂಗಿನಲ್ಲಿ ರಾಗ ಎಳೆದು, ಮೊದಲಿನಿಂದ ಕೊನೆಯವರೆಗೆ ಒಂದೂ ಬಿಡದೆ ಅನುಕರಿಸುತ್ತಿದ್ದ. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ನಂಫಾಮೊನೂ ನಗುತ್ತಿದ್ದ. ‘ಭಾವ, ಹೆಡಗೆ ಹೆಣೆಯೋ ಮುದುಕೀನ ಬಿಟ್ರಿ’ ಎಂದು ತಿದ್ದುತ್ತಿದ್ದ.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಆ ಗಿಡವೇ ಈಗ ಊರಿಗೆಲ್ಲ ಮದ್ದಾಗಿತ್ತು. ಅಧಿಕಾರಿಗಳು ನಂಫಾಮೊನನ್ನು ಕೈಕಾಲು ಹಿಗ್ಗಿಸಿ ಹಿಂಸಿಸುವ ಮರಕ್ಕೆ ಕಟ್ಟಿ ಎಳೆದಿದ್ದರು. ಅವನು ‘ನಾನು ಕ್ರೈಸ್ತ’ ಎಂದು ಒಂದೇ ಸಲ ಹೇಳಿ ಆಮೇಲೆ ಸುಮ್ಮನಾಗಿದ್ದನಂತೆ.

ಮೂರು ವಾರ ಇಡ್ಡಿಬಾಲ ಇವತ್ತು ನಾಳೆ ಎಂದು ತಳ್ಳಿದ. ಊಟದ ಬುಟ್ಟಿಯನ್ನು ಅರಿಷತ್‌ಳೇ ದಿನವೂ ಬಾಗಿಲಲ್ಲಿ ಕೊಟ್ಟು ಬರುತ್ತಿದ್ದಳು. ಹೆಂಗಸರನ್ನು ಕೆಳಗಿನ ಕೋಣೆಗೆ ಬಿಡುತ್ತಿರಲಿಲ್ಲ. ಒಂದು ಬೆಳಗ್ಗೆ ಅವಳು ಬಾರ್ಲಿ ರೊಟ್ಟಿ, ಉಪ್ಪುಮೀನು, ಒಣ ಅಂಜೂರ, ಒಂದು ಸಣ್ಣ ಕುಡಿಕೆ ಎಣ್ಣೆ ಎಲ್ಲವನ್ನೂ ಬುಟ್ಟಿಗೆ ತುಂಬಿ ಗಂಡನ ಮುಂದೆ ಇಟ್ಟಳು. ನಾಳೆ ತಮ್ಮನನ್ನು ಮತ್ತೆ ವಿಚಾರಣೆಗೆ ಕರೆಯುತ್ತಾರಂತೆ, ಪತ್ರ ಕೇಳುವುದಿದ್ದರೆ ಇವತ್ತೇ ಕೇಳಿ, ನಾಚಿಕೆಯಾದರೆ ನಾಚಿಕೊಂಡೇ ಕೇಳಿ ಎಂದಳು. ಇಡ್ಡಿಬಾಲ ಬುಟ್ಟಿ ಎತ್ತಿಕೊಂಡ.

ಸೆರೆಮನೆಯ ಕಾವಲುಗಾರ ಗೆಟುಲಿಕ ಕೆಟ್ಟವನಲ್ಲ, ಬೇಸತ್ತವನು. ದಿನಕ್ಕೆ ನೂರು ಜನ ಅಳುತ್ತ ಒಳಗೆ ಹೋಗಿ ನಗುತ್ತ ಹೊರಗೆ ಬರುವುದನ್ನು ನೋಡಿ ಅವನಿಗೆ ತಲೆ ಕೆಟ್ಟಿತ್ತು. ಸೆರೆಗೆ ಸೇರಬೇಕಾದವರು ಹೊರಗಿದ್ದೀರಿ, ಒಳಗಿರುವವರ ಕಾಲು ಹಿಡಿಯುತ್ತೀರಿ, ನಿಮ್ಮ ಮತವೇ ನನಗೆ ಅರ್ಥವಾಗುವುದಿಲ್ಲ ಎಂದು ಗೊಣಗಿ ಬಾಗಿಲು ತೆರೆದ. ಹನ್ನೊಂದು ಮೆಟ್ಟಿಲು ಕೆಳಗೆ ಕತ್ತಲ ಕೋಣೆ. ಮೇಲೆ ಬೀದಿಯ ಮಟ್ಟದಲ್ಲಿ ಒಂದು ಗವಾಕ್ಷಿ; ಅದರಿಂದ ಬಂದ ಬೆಳಕು ಗೋಡೆಯ ಅರ್ಧದಲ್ಲೇ ನಿಂತುಬಿಡುತ್ತಿತ್ತು.

ನಂಫಾಮೊ ಗೋಡೆಗೆ ಒರಗಿ ಕೂತಿದ್ದ. ಎರಡೂ ತೋಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು, ಬೇರೆ ಯಾರದ್ದೋ ಹಾಗೆ. ಪಕ್ಕದಲ್ಲಿ ಜೊತೆ ಸೆರೆಯಾಳು, ಹಿಂದೆ ಶಾಲೆಯ ಉಪಾಧ್ಯಾಯನಾಗಿದ್ದವನು, ಪತ್ರ ಬರೆಯುತ್ತಿದ್ದ. ಒಬ್ಬ ದಪ್ಪ ಹೆಂಗಸು ನಂಫಾಮೊನ ಪಾದಕ್ಕೆ ಮುತ್ತಿಟ್ಟು ತನ್ನ ಹೆಸರು, ಗಂಡನ ಹೆಸರು, ಗಂಡನ ಅಣ್ಣನ ಹೆಸರು ಹೇಳಿದಳು. ಕೆಳಗೆ ಹೇಗೆ ನುಸುಳಿದ್ದಳೋ ಗೊತ್ತಿಲ್ಲ. ನಂಫಾಮೊ ಎಲ್ಲದಕ್ಕೂ ತಲೆಯಾಡಿಸಿದ. ಯಾರಿಗೂ ಇಲ್ಲ ಎನ್ನುವುದು ಅವನಿಗೆ ಯಾವತ್ತೂ ಬರುತ್ತಿರಲಿಲ್ಲ.

ಇಡ್ಡಿಬಾಲನನ್ನು ಕಂಡಾಗ ಅವನ ಮುಖ ಅರಳಿತು. ಉಪಾಧ್ಯಾಯನಿಗೆ ಸ್ವಲ್ಪ ಆ ಕಡೆ ಹೋಗಲು ಹೇಳಿದ. ಇಡ್ಡಿಬಾಲ ರೊಟ್ಟಿ ಮುರಿದು ಎಣ್ಣೆಯಲ್ಲಿ ಅದ್ದಿ ಅವನ ಬಾಯಿಗಿಟ್ಟ, ಕೈ ಏಳುತ್ತಿರಲಿಲ್ಲವಲ್ಲ. ಎರಡು ತುತ್ತು ತಿಂದು ನಂಫಾಮೊ ಅಕ್ಕ ಹೇಗಿದ್ದಾಳೆ ಎಂದು ಕೇಳಿದ, ಗೆಟುಲಿಕನ ತಾಯಿಯ ಮಂಡಿನೋವಿಗೆ ಅಕ್ಕ ಏನಾದರೂ ಎಣ್ಣೆ ಕಾಯಿಸಿ ಕೊಡಬಹುದೇ ಎಂದು ಕೇಳಿದ. ಮೂರು ವಾರ ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದ ಮಾತು ಇಡ್ಡಿಬಾಲನ ಗಂಟಲಿಗೆ ಬಂತು. ಅಷ್ಟರಲ್ಲಿ ನಂಫಾಮೊ ಧ್ವನಿ ತಗ್ಗಿಸಿದ.

“ಭಾವ, ನೀವು ಬಂದಿದ್ದು ಒಳ್ಳೇದಾಯ್ತು. ಯಾರ ಹತ್ರ ಹೇಳೋದು ಅಂತ ಕೂತಿದ್ದೆ. ನನಗೆ ಹೆಸರುಗಳು ಬರ್ತಿಲ್ಲ.”

ಇಡ್ಡಿಬಾಲನಿಗೆ ತಿಳಿಯಲಿಲ್ಲ. ಯಾವ ಹೆಸರು ಎಂದ.

“ಅದೇ, ದಿನಾ ಹೇಳ್ತಿದ್ನಲ್ಲ. ಮರಕ್ಕೆ ಕಟ್ಟಿದ ಮೇಲೆ ಎಲ್ಲಾ ಹೋಯ್ತು. ನಿಲ್ತೀನಿ, ಬಾಯಿ ತೆಗೀತೀನಿ, ಒಳಗೆ ಏನೂ ಇಲ್ಲ. ಖಾಲಿ ಉಗ್ರಾಣ. ಇವರೆಲ್ಲ ಬಂದು ಪ್ರಾರ್ಥನೆ ಮಾಡು ಅಂತಾರೆ, ಹೂಂ ಅಂತೀನಿ, ಪತ್ರ ಕೊಡ್ತೀನಿ. ಮಾಡೋಕ್ಕೇ ಆಗ್ತಿಲ್ಲ ಅಂತ ಯಾರಿಗೆ ಹೇಳ್ಲಿ?”

ಆಮೇಲೆ ಇನ್ನೂ ಮೆಲ್ಲಗೆ, ನಾಳೆ ಎಳೆದರೆ ತಾನು ಉಳಿಯುವುದಿಲ್ಲ ಎಂದ. ಸಾಯುವ ಹೆದರಿಕೆಯಲ್ಲ. ಅವರು ಕೇಳಿದ್ದಕ್ಕೆ ಹೂಂ ಎಂದುಬಿಡುವ ಹೆದರಿಕೆ. ಮೊದಲ ಸಲ ಹೆಸರು ಹಿಡಿದುಕೊಂಡೇ ತಡೆದೆ, ಈಗ ಹಿಡಿದುಕೊಳ್ಳುವುದಕ್ಕೆ ಏನೂ ಇಲ್ಲ ಎಂದ.

“ನಿಮಗೆ ಅವೆಲ್ಲ ಬಾಯಿಪಾಠ ಅಲ್ವಾ ಭಾವ? ನೀವು ಹೇಳಿ. ನನ್ನ ಪಕ್ಕ ನಿಂತು ಒಂದು ಸಲ ನೀವು ಪ್ರಾರ್ಥನೆ ಮಾಡಿ. ನಾನು ಹಿಂದೆ ಹಿಂದೆ ಬರ್ತೀನಿ.”

ಇಡ್ಡಿಬಾಲ ಒಂದು ಹೆಜ್ಜೆ ಹಿಂದೆ ಸರಿದ. ಬೇರೆ ಏನು ಕೇಳಿದ್ದರೂ ಕೊಡುತ್ತಿದ್ದ. ಆದರೆ ಇದು? ಬಿದ್ದವನ ಬಾಯಿಂದ ಹೊರಟ ಪ್ರಾರ್ಥನೆ ನಿಂತವನಿಗೆ ತಗುಲಿದರೆ ಏನಾಗುತ್ತದೆ? ಒಂದು ಕೊಡ ಹಾಲು ಕೆಡುವುದಕ್ಕೆ ಒಂದು ಹನಿ ಹುಳಿ ಸಾಕು. ಸಭೆಯಲ್ಲೇ ತನ್ನ ಜೊತೆ ಯಾರೂ ಕೈಯೆತ್ತುವುದಿಲ್ಲ. ನಾಳೆ ಇವನು ಜಾರಿದರೆ ಆ ಪಾಪವೂ ತನ್ನ ತಲೆಗೇ. ಅವನು ತಡಬಡಿಸಿದ, ತನ್ನ ಬಾಯಿ ಮೈಲಿಗೆಯಾಗಿದೆ, ನಿನ್ನನ್ನೂ ಕೆಡಿಸುತ್ತದೆ, ಬೇರೆ ಯಾರನ್ನಾದರೂ ಕೇಳು ಎಂದ. ನಂಫಾಮೊ ಒತ್ತಾಯಿಸಲಿಲ್ಲ. ಒತ್ತಾಯ ಮಾಡುವುದೂ ಅವನಿಗೆ ಬರುತ್ತಿರಲಿಲ್ಲ. ಹಾಗಾದರೆ ನಿಮ್ಮ ಪತ್ರವಾದರೂ ಬರೆಸುತ್ತೇನೆ ಎಂದು ಉಪಾಧ್ಯಾಯನ ಕಡೆ ತಿರುಗಿದ. ಇಡ್ಡಿಬಾಲ ಆಗಲೇ ಮೆಟ್ಟಿಲು ಹತ್ತುತ್ತಿದ್ದ. ಬುಟ್ಟಿ ಅಲ್ಲೇ ಉಳಿಯಿತು.

ಮನೆಯಲ್ಲಿ ಅರಿಷತ್ ಎಲ್ಲವನ್ನೂ ಕೇಳಿಸಿಕೊಂಡಳು. ಅವಳು ಬೀಸುಕಲ್ಲಿನ ಮುಂದೆ ಕೂತಿದ್ದಳು; ಬೀಸುವುದು ನಿಂತಿತು.

“ಅವನು ಹುಟ್ಟಿದಾಗಿಂದ ನೋಡಿದೀನಿ. ಹಸಿವಾದ್ರೂ ಇನ್ನೊಂದು ರೊಟ್ಟಿ ಕೊಡು ಅಂದವನಲ್ಲ. ಜೀವನದಲ್ಲಿ ಒಂದೇ ಒಂದು ಸಲ ಒಬ್ಬರ ಹತ್ರ ಏನೋ ಕೇಳಿದಾನೆ. ನೀವು ಇಲ್ಲ ಅಂದು ಬಂದ್ರಿ.”

ಇಡ್ಡಿಬಾಲ ತನ್ನ ಹಾಲು, ಹುಳಿ ಎಲ್ಲವನ್ನೂ ಮತ್ತೆ ಒಪ್ಪಿಸಿದ. ತನ್ನಂಥವನ ಪ್ರಾರ್ಥನೆಯನ್ನು ದೇವರು ಕೇಳುವುದಿಲ್ಲ ಎಂದ.

“ದೇವರು ಕೇಳ್ತಾನೋ ಬಿಡ್ತಾನೋ ಅದು ದೇವರ ಪಾಡು. ನಂಫಾಮೊ ಕೇಳಿಸ್ಕೊಳ್ತಾನಲ್ಲ,” ಎಂದಳು ಅರಿಷತ್. ಆಮೇಲೆ ಅವಳ ಧ್ವನಿ ಒಡೆಯಿತು. ಎರಡು ತಿಂಗಳಲ್ಲಿ ಇವನು ಮೊದಲ ಸಲ ಅವಳು ಅಳುವುದನ್ನು ನೋಡಿದ. ತಾನು ದಿನಕ್ಕೆ ಮೂರು ಸಲ ನಿಂತು ಪ್ರಾರ್ಥಿಸುತ್ತೇನೆ, ಆದರೆ ಏನು ಕೇಳಬೇಕೆಂದೇ ಗೊತ್ತಾಗುವುದಿಲ್ಲ ಎಂದಳು. ಉಳಿಸು ಎಂದು ಕೇಳಿದರೆ ಅವನು ಹೂಂ ಎಂದು ಉಳಿಯುವುದನ್ನು ಕೇಳಿದಂತೆ. ಗಟ್ಟಿಯಾಗಿ ನಿಲ್ಲಿಸು ಎಂದು ಕೇಳಿದರೆ ಒಡಹುಟ್ಟಿದವನ ಸಾವನ್ನೇ ಕೇಳಿದಂತೆ. ಹಾಗಾಗಿ ಸುಮ್ಮನೆ ಕೈಯೆತ್ತಿ ನಿಂತು, ನೋವಾದಾಗ ಇಳಿಸುತ್ತಾಳೆ.

ಇಡ್ಡಿಬಾಲ ಚಪ್ಪಲಿಯೂ ಮೆಟ್ಟದೆ ಓಡಿದ.

ಅವನು ತಲುಪುವಾಗ ಸೂರ್ಯ ಪಡುವಣಕ್ಕೆ ವಾಲಿದ್ದ. ಮೂರನೆಯ ಪ್ರಾರ್ಥನೆಯ ಹೊತ್ತು. ಸೆರೆಮನೆಯ ಬಾಗಿಲು ಹಾಕಿತ್ತು. ಗೆಟುಲಿಕ ಕಿಂಡಿಯಿಂದಲೇ ನಾಳೆ ಬಾ ಎಂದ, ನಾಳೆ ಅವನು ಇಲ್ಲಿರುವುದಿಲ್ಲ ಎಂದರೆ ಹಾಗಾದರೆ ಅಲ್ಲಿಗೇ ಹೋಗು ಎಂದ, ಕಿಂಡಿ ಮುಚ್ಚಿದ. ಇಡ್ಡಿಬಾಲ ಗೋಡೆ ಹಿಡಿದು ಪಕ್ಕದ ಓಣಿಗೆ ಹೋದ. ಅಲ್ಲಿ ನೆಲಮಟ್ಟದಲ್ಲಿ ಆ ಗವಾಕ್ಷಿ ಇತ್ತು. ಎದುರಿಗೆ ಮೀನು ಕರಿಯುವವಳು, ಬುಟ್ಟಿ ಮಾರುವವನು, ನೆರಳಲ್ಲಿ ಪಗಡೆಯಾಡುವ ನಾಲ್ಕು ಜನ. ಗವಾಕ್ಷಿಗೆ ಮುಖ ಮಾಡಿದರೆ ಬೆನ್ನು ಪೂರ್ವಕ್ಕೆ. ದೀಕ್ಷಾಸ್ನಾನದ ದಿನ ಪಶ್ಚಿಮಕ್ಕೆ ತಿರುಗಿ ಸೈತಾನನಿಗೆ ಛೀಮಾರಿ ಹಾಕಿದ ಮೇಲೆ ಇಡ್ಡಿಬಾಲ ಒಂದು ಸಲವೂ ಆ ಕಡೆ ನಿಂತು ಪ್ರಾರ್ಥಿಸಿದವನಲ್ಲ. ಹಾಗೆ ನಿಂತವರನ್ನು ಹಿಡಿದು ತಿರುಗಿಸಿದವನು. ಈಗ ಪಶ್ಚಿಮಕ್ಕೇ ನಿಂತು, ಧೂಪ ಹಾಕಿದ ಎರಡೂ ಕೈಗಳನ್ನು ಎತ್ತಿದ.

ಬಾಯಿ ತೆರೆದ. ಮೊದಲ ಹೆಸರು ನಾಲಿಗೆಗೆ ಬಂತು, ಸಭೆಯ ಅತಿ ಹಿರಿಯ ವಿಧವೆಯದು. ಅಲ್ಲೇ ಕಚ್ಚಿಕೊಂಡ. ಪಗಡೆಯಾಡುವವರಲ್ಲಿ ಒಬ್ಬ ಸರ್ಕಾರದ ಕಿವಿಯಲ್ಲ ಎಂದು ಯಾರು ಹೇಳಬೇಕು? ನಡುಬೀದಿಯಲ್ಲಿ ಸಭೆಯವರ ಹೆಸರು ಕೂಗುವುದೂ ಒಂದೇ, ಅವರ ಮನೆಗೆ ಸಿಪಾಯಿಗಳನ್ನು ಕಳಿಸುವುದೂ ಒಂದೇ. ಎರಡನೆಯ ಹೆಸರೂ ನಮ್ಮವರದೇ, ಮೂರನೆಯದೂ. ಹದಿನೈದು ವರ್ಷ ಆಡಿಕೊಂಡು ಕಲಿತ ಪಟ್ಟಿಯಲ್ಲಿ ಅರ್ಧ ಬೀದಿಯಲ್ಲಿ ಹೇಳಬಾರದ ಹೆಸರೇ. ಕೈಯೆತ್ತಿಕೊಂಡು ಬೆವರುತ್ತ ನಿಂತ. ಮೀನಿನವಳು ಇವನಿಗೆ ಬಿಸಿಲು ಬಡಿದಿದೆ ಎಂದು ಪಕ್ಕದವನಿಗೆ ಹೇಳಿದಳು.

ಉಳಿದದ್ದು ಬೇರೆಯವರು. ಸರಿ, ಅವರೇ ಆಗಲಿ.

“ಪ್ರಭುವೇ, ಬಂದರಿನ ಸುಂಕದ ಗುಮಾಸ್ತ ಫಾಬುಲ್ಲನನ್ನು ನೆನೆಸಿಕೋ,” ಎಂದು ಇಡ್ಡಿಬಾಲ ಕೂಗಿದ. ಎರಡು ತಿಂಗಳ ತುಕ್ಕು ಹಿಡಿದ ಗಂಟಲು ಕಿರುಗುಟ್ಟಿತು. “ಕೋಪ ಬಂದರೆ ಕೈ ತಡೆಯೋಕಾಗದ ಮನುಷ್ಯ, ಅವನಿಗೆ ಶಾಂತಿ ಕೊಡು.”

ಒಳಗಿಂದ ಸದ್ದಿಲ್ಲ. ಪಗಡೆಯವರು ತಲೆ ಎತ್ತಿದರು.

“ಭಾರ ಎತ್ತುವ ರಾಟೆಯ ಮಿಜ್ಜಿನನ್ನು ನೆನೆಸಿಕೋ. ಅವನ ಬೆನ್ನು ಕಾಪಾಡು. ಅವರೆಕಾಳು ಮಾರುವ ಒಕ್ಕಣ್ಣಿನ ಬೊಸ್ತಾರನನ್ನು ನೆನೆಸಿಕೋ, ಇರುವ ಒಂದು ಕಣ್ಣು ಉಳಿಸು. ಮಾಗೊನನ್ನು ನೆನೆಸಿಕೋ, ಅದರ ಗೊರಸಿನ ಹುಣ್ಣು ವಾಸಿ ಮಾಡು.”

ಮಾಗೊ ಬಂದರಿನ ಹೇಸರಗತ್ತೆ ಎಂದು ಗೊತ್ತಿದ್ದವನೊಬ್ಬ ಹೊಟ್ಟೆ ಹಿಡಿದು ನಕ್ಕ. ಓಣಿಯಲ್ಲಿ ಜನ ಸೇರಿದರು. ಇಡ್ಡಿಬಾಲ ನಿಲ್ಲಿಸಲಿಲ್ಲ. ಗಂಟಲು ಬಿಟ್ಟುಕೊಂಡಿತ್ತು. ಹೆಗಲು ತಾನಾಗಿಯೇ ಬಾಗಿತು, ರಾಗ ತಾನಾಗಿಯೇ ಮೂಗಿಗೆ ಬಂತು. ಈಗ ಅದು ಅಣಕವಾಗಿರಲಿಲ್ಲ. ಮಾಗೊನ ಹೆಸರು ಮುಗಿದಾಗ ಗವಾಕ್ಷಿಯೊಳಗಿಂದ, ಬಾವಿಯ ತಳದಿಂದ ಬಂದ ಹಾಗೆ, ಒಂದು ‘ಆಮೆನ್’ ಕೇಳಿಸಿತು. ಆ ನಿಧಾನದ ಧ್ವನಿಯನ್ನು ಅವನು ಎಲ್ಲಿದ್ದರೂ ಗುರುತಿಸುತ್ತಿದ್ದ. ಅವನ ಕಣ್ಣಿಂದ ನೀರು ದಳದಳ ಇಳಿಯಿತು. ಮುಂದಿನ ಹೆಸರಿಗೆ ಒಳಗಿಂದಲೇ ಹತ್ತು ಗಂಟಲು ಆಮೆನ್ ಅಂದವು.

ಪಟ್ಟಿ ಮುಗಿಯಿತು, ಬಿಡಲು ಮನಸ್ಸಾಗಲಿಲ್ಲ. ಹೊಸಬರನ್ನು ಸೇರಿಸಿದ. ಚಕ್ರವರ್ತಿಯನ್ನು ಸೇರಿಸಿದ. ನಾಳೆ ವಿಚಾರಣೆಯ ಪೀಠದಲ್ಲಿ ಕೂರುವ ಅಪ್ರೊನಿಯನನ್ನು, ಹಲ್ಲು ಕಚ್ಚಿಕೊಂಡೇ, ಸೇರಿಸಿದ. ಅವನಿಗೆ ಒಳ್ಳೆ ನಿದ್ದೆ ಕೊಡು ಎಂದ. ಅಷ್ಟರಲ್ಲಿ ಗೆಟುಲಿಕ ದೊಣ್ಣೆ ಹಿಡಿದು ಓಣಿಯೊಳಗೆ ಬಂದ. ಜನ ದಾರಿ ಬಿಟ್ಟರು. ಇಡ್ಡಿಬಾಲ ಕಣ್ಣು ಮುಚ್ಚಿದ್ದ, ನೋಡಲಿಲ್ಲ.

“ಕಾವಲುಗಾರ ಗೆಟುಲಿಕನನ್ನು ನೆನೆಸಿಕೋ. ಅವನ ತಾಯಿ ಸಬೀನಳ ಮಂಡಿನೋವು ಕಡಿಮೆ ಮಾಡು.”

ದೊಣ್ಣೆ ಅರ್ಧಕ್ಕೆ ನಿಂತಿತು.

“ಸಬೀನ ನಮ್ಮ ಚಿಕ್ಕಮ್ಮ,” ಎಂದ ಗೆಟುಲಿಕ. “ಅಮ್ಮನ ಹೆಸರು ಸ್ಪೆಂದೂಸ. ಸರಿಯಾಗಿ ಹೇಳು.”

ಇಡ್ಡಿಬಾಲ ಸರಿಯಾಗಿ ಹೇಳಿದ. ಒಳಗಿಂದ ಆಮೆನ್ ಬಂತು. ಗೆಟುಲಿಕ ಇನ್ನು ಸಾಕು, ಮನೆಗೆ ಹೋಗು, ನಿನ್ನ ಹತ್ತಿರ ಚೀಟಿ ಇದೆ ಎಂದು ಬದುಕಿಕೊಂಡೆ ಎಂದು ಗದರಿದ. ಆದರೆ ಅವನು ಕತ್ತು ಹಿಡಿದು ನೂಕಲಿಲ್ಲ.

ಮರುದಿನ ಬೆಳಗ್ಗೆ ಪೀಠದ ಮುಂದೆ ಗಂಡ ಹೆಂಡತಿ ಇಬ್ಬರೂ ಜನದ ನಡುವೆ ನಿಂತಿದ್ದರು. ಅರಿಷತ್ ಗಂಡನ ತೋಳು ಹಿಡಿದಿದ್ದಳು. ಎರಡು ತಿಂಗಳಿಂದ ಮುಟ್ಟಿರಲಿಲ್ಲ. ನಂಫಾಮೊನನ್ನು ಮರಕ್ಕೆ ಕಟ್ಟಿದರು. ಅಪ್ರೊನಿಯ ಧೂಪ ಹಾಕುತ್ತೀಯಾ ಎಂದು ಕೇಳಿದ. ಇಲ್ಲ. ಎಳೆದರು. ಮತ್ತೆ ಕೇಳಿದ. ಉತ್ತರವಿಲ್ಲ. ಕಬ್ಬಿಣದ ಉಗುರುಗಳಿಂದ ಪಕ್ಕೆ ಗೀರಿದರು. ಅದನ್ನು ಇಲ್ಲಿ ಬಣ್ಣಿಸುವುದಿಲ್ಲ. ಅಕ್ಕನಾದವಳು ನೋಡಿದಳು, ಅಷ್ಟು ಸಾಕು. ಆಗ ನಂಫಾಮೊನ ತುಟಿ ಅಲ್ಲಾಡತೊಡಗಿತು.

ಮುಗಿಯಿತು, ಹೂಂ ಎನ್ನುತ್ತಿದ್ದಾನೆ ಎಂದುಕೊಂಡ ಇಡ್ಡಿಬಾಲ. ಅಪ್ರೊನಿಯನಿಗೂ ಹಾಗೇ ಅನ್ನಿಸಿರಬೇಕು. ಎಳೆಯುವುದನ್ನು ನಿಲ್ಲಿಸಿ, ತನ್ನ ಗುಮಾಸ್ತನನ್ನು ಹತ್ತಿರ ಕಳಿಸಿದ. ಗುಮಾಸ್ತ ಕಿವಿಯಿಟ್ಟು ಕೇಳಿ, ಮುಖ ಅರಳಿಸಿಕೊಂಡು ಹಿಂತಿರುಗಿದ. ಅವನು ಹೆಸರುಗಳನ್ನು ಹೇಳುತ್ತಿದ್ದಾನೆ ಒಡೆಯಾ, ಎಲ್ಲರ ಹೆಸರನ್ನೂ ಕೊಡುತ್ತಿದ್ದಾನೆ ಎಂದ.

ಜನರ ನಡುವೆ ಅಲ್ಲಲ್ಲಿ ಕೆಲವರ ಮುಖ ಬಿಳುಚಿತು. ಯಾರ್ಯಾರು ಎಂದು ಇಡ್ಡಿಬಾಲನಿಗೆ ಗೊತ್ತು. ಹೊಸ್ತಿಲ ಒಳಗೆ ನಿಲ್ಲುವವರು. ಒಬ್ಬ ಮುದುಕ ಮೆಲ್ಲಗೆ ಹಿಂದೆ ಸರಿಯತೊಡಗಿದ. ಗುಮಾಸ್ತ ಹಲಗೆ ತೆಗೆದು ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದ.

“ಫಾಬುಲ್ಲ, ಬಂದರಿನ ಸುಂಕದವನು. ಮಿಜ್ಜಿನ್. ಬೊಸ್ತಾರ್, ಅವರೆಕಾಳಿನವನು. ಮಾಗೊ... ಮಾಗೊ ಯಾವ ಬೀದಿಯವನು?”

“ಬಂದರಿನ ಲಾಯದಲ್ಲಿ ಕಟ್ಟಿದೆ ಸ್ವಾಮಿ,” ಎಂದು ಹಿಂದಿನಿಂದ ಯಾರೋ ಹೇಳಿದರು.

ನಗು ಒಂದು ಮೂಲೆಯಲ್ಲಿ ಹುಟ್ಟಿ ಚೌಕವೆಲ್ಲ ಹಬ್ಬಿತು. ಗುಮಾಸ್ತ ಕೆಂಪಗಾಗಿ ಮುಂದುವರಿಸಿದ. ಗೆಟುಲಿಕ. ಗೆಟುಲಿಕನ ತಾಯಿ ಸ್ಪೆಂದೂಸ. ಆಮೇಲೆ ಚಕ್ರವರ್ತಿಯವರು. ಆಮೇಲೆ ಗುಮಾಸ್ತನ ಧ್ವನಿ ಇಳಿಯಿತು. ಒಡೆಯಾ, ಆಮೇಲೆ ತಾವು, ತಮಗೆ ಒಳ್ಳೆ ನಿದ್ದೆ ಬರಲಿ ಅಂತಿದ್ದಾನೆ ಎಂದ.

ಇಡ್ಡಿಬಾಲನಿಗೆ ಅರ್ಥವಾದದ್ದು ಆಗ. ಆ ಸಂಕಟದಲ್ಲಿ ನಂಫಾಮೊ ಹಿಡಿದುಕೊಳ್ಳಲು ಹೆಸರು ಹುಡುಕಿದ್ದ. ಒಳಗೆ ಇದ್ದದ್ದು ನಿನ್ನೆ ಓಣಿಯಲ್ಲಿ ಕೇಳಿದ ಹೆಸರುಗಳು ಮಾತ್ರ. ಹಳೆಯ ಪಟ್ಟಿ ಮರೆಯದೆ ಇದ್ದಿದ್ದರೆ ಅಥವಾ ಇವನು ನಿನ್ನೆ ಬಾಗಿಲು ತೆರೆದಿದ್ದಾಗಲೇ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದರೆ, ಈಗ ಗುಮಾಸ್ತನ ಹಲಗೆಯಲ್ಲಿ ಇಡೀ ಸಭೆ ಇರುತ್ತಿತ್ತು. ಯಾವುದನ್ನು ಯಾರು ಹೊಂದಿಸಿದರು ಎಂದು ಯೋಚಿಸಲು ಅವನಿಗೆ ಧೈರ್ಯ ಸಾಲಲಿಲ್ಲ. ಜನ ನಗುತ್ತಿದ್ದಾರೆ ಎಂದರೆ ಇನ್ನು ಎಳೆಸಿ ಉಪಯೋಗವಿಲ್ಲ ಎಂಬುದು ಅಪ್ರೊನಿಯನಿಗೂ ತಿಳಿಯಿತು. ಕಡೆಯ ಸಲ ಕೇಳುತ್ತೇನೆ ಎಂದ. ನಂಫಾಮೊ ತಲೆ ಎತ್ತಿ, ನಾನು ಕ್ರೈಸ್ತ ಎಂದ. ಕತ್ತಿಯ ತೀರ್ಪಾಯಿತು.

ಅರಿಷತ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಜಾರಲಿಲ್ಲ, ಜಾರಲಿಲ್ಲ ಎಂದು ಹೇಳುತ್ತಲೇ ಎದೆ ಬಡಿದುಕೊಂಡು ಅತ್ತಳು. ಅವಳ ಮುಖದಲ್ಲಿ ದುಃಖವೂ ಇತ್ತು, ಹೆಗಲಿಂದ ಬೆಟ್ಟ ಇಳಿದ ಹಗುರವೂ ಇತ್ತು. ನಮ್ಮವರಲ್ಲದವರಿಗೆ ಅದು ಅರ್ಥವಾಗುವುದು ಕಷ್ಟ. ಊರ ಹೊರಗಿನ ಬಯಲಿನಲ್ಲಿ ಮಧ್ಯಾಹ್ನಕ್ಕೆ ಮೊದಲೇ ಎಲ್ಲ ಮುಗಿಯಿತು. ಒಂದೇ ಏಟು. ನಂಫಾಮೊನ ತೋಳು ಏಳುತ್ತಿರಲಿಲ್ಲವಾದ್ದರಿಂದ ಅವನ ಕಣ್ಣಿಗೆ ಬಟ್ಟೆ ಕಟ್ಟಲು ಭಾವನನ್ನೇ ಬಿಟ್ಟರು. ಸಿಪಾಯಿಗಳಿಗೆ ಹೇಳಿ ಹಾಗೆ ಬಿಡಿಸಿದವನು ಗೆಟುಲಿಕ. ಬಟ್ಟೆ ಕಟ್ಟುವಾಗ ನಂಫಾಮೊ, “ಭಾವ, ನಿನ್ನೆ ಚೆನ್ನಾಗಿ ಹೇಳಿದ್ರಿ,” ಎಂದ.

ಮುಂದಿನ ಭಾನುವಾರ ಬಿದ್ದವರೆಲ್ಲ ಹೊಸ್ತಿಲ ಮುಂದೆ ಸಾಲು ನಿಂತರು, ಕೈಯಲ್ಲಿ ಪತ್ರ. ನಂಫಾಮೊ ಕೊಟ್ಟ ಪತ್ರಗಳೇ ನಲವತ್ತರ ಮೇಲಿದ್ದವು. ಸಭೆಯ ಹಿರಿಯ ಗಾರ್ಗಿಲಿಯ ಒಂದೊಂದನ್ನೂ ಓದಿ, ಕಣ್ಣಿಗೊತ್ತಿ, ಒಬ್ಬೊಬ್ಬರನ್ನೇ ಒಳಗೆ ಬಿಟ್ಟ. ಇಡ್ಡಿಬಾಲನ ಸರದಿ ಬಂದಾಗ ಕೈ ಚಾಚಿದ. ಇವನ ಕೈಯಲ್ಲಿ ಏನೂ ಇರಲಿಲ್ಲ. ಗಾರ್ಗಿಲಿಯನಿಗೆ ನಂಬಿಕೆಯಾಗಲಿಲ್ಲ. ಸ್ವಂತ ಭಾವನಿಗೆ ಕೊಡಲಿಲ್ಲವೇ ಎಂದ.

“ನಾನು ಕೇಳಲಿಲ್ಲ ಅಯ್ಯಾ.”

ಪತ್ರ ಇಲ್ಲದಿದ್ದರೆ ಇಲ್ಲ, ಅವನು ನಿನಗಾಗಿ ಪ್ರಾರ್ಥಿಸಿದ್ದನ್ನು ಕೇಳಿದವರು ಯಾರಾದರೂ ಇದ್ದಾರೆಯೇ ಎಂದು ಹಿರಿಯ ಕೇಳಿದ. ಹೇಗಾದರೂ ಒಳಗೆ ಬಿಡುವ ಮನಸ್ಸು ಅವನಿಗೂ ಇತ್ತು.

“ಅವನು ನನಗಾಗಿ ಮಾಡಲಿಲ್ಲ. ನಾನೇ ಅವನಿಗಾಗಿ ಮಾಡಿದ್ದು.”

ಗಾರ್ಗಿಲಿಯ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಆಮೇಲೆ ನಿಯಮ ನಿಯಮವೇ ಎಂದ. ಪತ್ರವಿಲ್ಲದವನು ಎರಡು ವರ್ಷ ಹೊರಗೆ ನಿಂತು ಪಶ್ಚಾತ್ತಾಪ ಮಾಡಬೇಕು. ಇಡ್ಡಿಬಾಲ ಆಗಲಿ ಎಂದು ಪಕ್ಕಕ್ಕೆ ಸರಿದು ಕಂಬದ ಬಳಿ ನಿಂತ. ಎರಡು ವರ್ಷ ಅವನಿಗೆ ದೊಡ್ಡದೆನ್ನಿಸಲಿಲ್ಲ. ಬಾಯಿ ತೆರೆದರೆ ಮಾತು ಬರುತ್ತಿತ್ತು. ಹೊಸ್ತಿಲ ಒಳಗೋ ಹೊರಗೋ, ಅದನ್ನು ಕೇಳುವವನಿಗೆ ದೂರವೇನೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಅರಿಷತ್ ಹೆಂಗಸರ ಸಾಲು ಬಿಟ್ಟು ಬಂದು ಅವನ ಪಕ್ಕದಲ್ಲಿ ನಿಂತಳು.

ಒಳಗೆ ಗಾಯನ ಶುರುವಾಗಿತ್ತು. ಹಿರಿಯ ಬಾಗಿಲು ಮುಚ್ಚಲು ಕೈ ಹಾಕಿದವನು ಮುಚ್ಚದೆ ಹೊರಗೆ ಬಂದ. ಅಪ್ಪಣೆ ಬಂದ ರಾತ್ರಿಯೇ ಗಾರ್ಗಿಲಿಯ ಊರು ಬಿಟ್ಟಿದ್ದ, ಯಾವುದೋ ಹೊಲದಮನೆಯ ಹುಲ್ಲಿನ ಬಣವೆಯಲ್ಲಿ ಅಡಗಿದ್ದು ನಂಫಾಮೊ ಸತ್ತ ದಿನ ತಿರುಗಿ ಬಂದಿದ್ದ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವನ ಮುಖ ನೋಡಿ ಯಾರೂ ಹೇಳಿರಲಿಲ್ಲ. ಅವನು ಹಿಂದೆ ಮುಂದೆ ನೋಡಿದ. ಬಿದ್ದವನ ಜೊತೆ ಪ್ರಾರ್ಥಿಸಬಾರದೆಂದು ಸಭೆಗೆ ಹೇಳಿಕೊಟ್ಟವನೇ ಅವನು.

“ಇಡ್ಡಿಬಾಲ, ಹೆಸರು ಹೇಳುವಾಗ ನನ್ನದನ್ನೂ ಸ್ವಲ್ಪ ಹೇಳಪ್ಪ,” ಎಂದ.

ಇಡ್ಡಿಬಾಲ ಎರಡು ಕೈಗಳನ್ನೂ ಎತ್ತಿದ.

“ಈಗಲೇ ಹೇಳ್ತೀನಿ ಅಯ್ಯಾ. ಕಣ್ಣು ಮುಚ್ಕೊಳ್ಳಿ.”